ಅಡುಗೆಯವನ ಫೈಲು

ನಂಜರಾಯಪಟ್ಟಣ
13 ಅಕ್ಟೋಬರ್ 2024

ಮಗನೇ ಮಹೇಶ,

ನೀನು ಹೋಗಿ ಇವತ್ತಿಗೆ ಹದಿನೇಳು ದಿನ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನಮ್ಮ ಅಳುತ್ತಾಳೆ, ನೀನು ‘ಹೂಂ, ಹೂಂ’ ಅನ್ನುತ್ತೀ, ನಾನು ಇಬ್ಬರ ಮಧ್ಯೆ ಕೆಮ್ಮುತ್ತಾ ಕೂರುತ್ತೇನೆ. ಅದಕ್ಕೇ ಕಾಗದ ಬರೆಯುವುದೆಂದು ತೀರ್ಮಾನಿಸಿದೆ. ಅಂಚೆಗೆ ಹಾಕಿದರೆ ಅದು ರಷ್ಯಾ ಮುಟ್ಟುವ ಹೊತ್ತಿಗೆ ನೀನೇ ಊರಿಗೆ ಬಂದಿರುತ್ತೀ. ಆದ್ದರಿಂದ ನಾನು ಬರೆದದ್ದನ್ನು ನಿನ್ನ ತಂಗಿ ಅನುಶ್ರೀ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ನೀನೂ ಹಾಗೇ ಮಾಡು. ಇಪ್ಪತ್ತೊಂಬತ್ತು ವರ್ಷ ಈ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ, ಮಳೆ ಎಷ್ಟು ಸೆಂಟ್ಸು ಬಿತ್ತೆಂಬ ಲೆಕ್ಕ ಬಿಟ್ಟು ಬೇರೇನೂ ಬರೆದವನಲ್ಲ ನಾನು. ಮಗನಿಗೆ ಕಾಗದ ಬರೆಯುವ ಯೋಗ ಈಗ ಬಂತು.

ಸೈನ್ಯದ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತೇ? ದುಬಾರೆಯ ಹೋಂಸ್ಟೇಯಲ್ಲಿ ಆನೆ ನೋಡಲು ಬಂದ ನೂರು ಜನಕ್ಕೆ ಒಬ್ಬನೇ ಬೇಯಿಸಿ ಹಾಕಿದವನು ನೀನು. ಅಲ್ಲಿಯವರಿಗೆ ಖಾರ ತಡೆಯುವುದಿಲ್ಲವಂತೆ, ಕೈ ಹಿಡಿದು ಹಾಕು.

ಒಂದು ಗುಟ್ಟು ಹೇಳಬೇಕು. ನೀನು ಹೊರಡುವ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನಿನ್ನ ಫೈಲಿಗೆ ನಾನು ಒಂದು ಹಾಳೆ ಸೇರಿಸಿದೆ. ಕೊಡವರ ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಗೆದ್ದೆಯಲ್ಲ, ಆ ಸರ್ಟಿಫಿಕೇಟು. ಕುಶಾಲನಗರಕ್ಕೆ ಹೋಗಿ ಲ್ಯಾಮಿನೇಷನ್ ಮಾಡಿಸಿದ್ದೇನೆ. ಅಲ್ಲಿಯವರಿಗೂ ತಿಳಿಯಲಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ: ಕೋವಿ ಸ್ಪರ್ಧೆ, ಅರವತ್ತೆರಡು ಜನರಲ್ಲಿ ಪ್ರಥಮ. ಹಿಂಬದಿಗೆ ನೀನು ಕೋವಿ ಹಿಡಿದು ನಿಂತ ಫೋಟೋ ಇದೆ. ‘ಅಡ್ಗೆಯೋನ ಫೈಲಲ್ಲಿ ಕೋವಿ ಸರ್ಟಿಫಿಕೇಟು ಯಾಕ್ರೀ?’ ಅಂತ ನಿನ್ನಮ್ಮ ನಕ್ಕಳು. ನಗಲಿ. ಅಡುಗೆಯವನೆಂದರೆ ಸದರ ಮಾಡುವವರು ಎಲ್ಲ ಕಡೆ ಇರುತ್ತಾರೆ, ನೀನು ಯಾರೆಂದು ಅವರಿಗೂ ಗೊತ್ತಿರಲಿ.

ತಲೆತಲಾಂತರದಿಂದ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿಕೊಂಡು ಬಂದ ಮನೆಗಳ ಮಕ್ಕಳು ಅವತ್ತು ಸಾಲಾಗಿ ನಿಂತಿದ್ದರು. ಅರಕಲಗೂಡಿನಿಂದ ಬಂದು ನೆಲೆಸಿದ ರೈಟರನ ಮಗ, ಎಸ್ಟೇಟಿನ ಬೋಜಪ್ಪ ಸಾಹುಕಾರರ ಕೋವಿ ಎರವಲು ಪಡೆದು, ಮೂರನೇ ಗುಂಡಿಗೆ ಕಾಯಿ ಉರುಳಿಸಿದ. ಸಾಹುಕಾರರು ನನ್ನ ಭುಜದ ಮೇಲೆ ಕೈಯಿಟ್ಟು, ‘ಸಣ್ಣಸ್ವಾಮಿ, ಇನ್ನು ನೀನೂ ಕೊಡಗಿನವನೇ’ ಎಂದರು. ಆ ಮಾತು ಕೇಳಲು ನನಗೆ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಅದಕ್ಕೇ ಆ ಹಾಳೆ.

ಟೀ ಅಂಗಡಿಯ ಬೊಳ್ಳಪ್ಪ, ‘ಪಕ್ಕದ ದೇಶಕ್ಕೆ ನುಗ್ಗಿದವ್ರು ಅಂತ ಲೋಕವೆಲ್ಲ ಛೀ ಅಂತಿದೆ, ನೀವು ಮಗನನ್ನ ಅಲ್ಲಿಗೇ ಕಳ್ಸಿದ್ರಲ್ಲ ರೈಟ್ರೇ’ ಎಂದ. ‘ನನ್ನ ಮಗ ಯುದ್ಧಕ್ಕೆ ಹೋಗಿಲ್ಲ ಮಾರಾಯ, ಸಾರಿಗೆ ಒಗ್ಗರಣೆ ಹಾಕಕ್ಕೆ ಹೋಗಿದ್ದಾನೆ’ ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಹಾಳೆ ನೋಡಿ ಅಲ್ಲಿಯ ಸಾಹೇಬರು ಏನಂದರು, ಬರೆ.

ನಿನ್ನ ಅಪ್ಪ,
ಸಣ್ಣಸ್ವಾಮಿ, ರೈಟರ್
(ಅಭ್ಯಾಸಬಲ. ‘ರೈಟರ್’ ಅಂತ ಹಾಕದೆ ಸಹಿ ಮುಗಿಯುವುದಿಲ್ಲ.)


ಊರಿನ ಹೆಸರು ಬರೆಯುವ ಹಾಗಿಲ್ಲ
20 ನವೆಂಬರ್ 2024

ಅಪ್ಪ,

ಈ ಕಾಗದ ಅಮ್ಮನಿಗೆ ತೋರಿಸಬೇಡಿ. ಅನುಗೂ ಹೇಳಿಡಿ.

ನಿಮ್ಮ ಕಾಗದ ಓದಿದ ವಾರವೇ ನನ್ನ ಫೋನು ಇಸಕೊಂಡರು. ಇದು ರೇವಣ್ಣ ಅನ್ನುವವರ ಫೋನು. ಅವರು ಅರಸೀಕೆರೆಯವರು, ನನ್ನ ಜೊತೆಗೇ ಬಂದವರು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ನಮ್ಮಿಬ್ಬರ ಭೇಟಿಯಾದರೆ ಅವಾಗ ನಿಮ್ಮ ಕಾಗದ ಓದುತ್ತೇನೆ.

ನಾನು ಅಡುಗೆಮನೆಯಲ್ಲಿಲ್ಲ ಅಪ್ಪ. ನಮ್ಮ ದೇಶದವರು ನಾಲ್ಕು ಜನ ಒಟ್ಟಿಗೆ ಬಂದೆವು. ಮೂವರನ್ನು ಅಡುಗೆಗೆ ಇಟ್ಟುಕೊಂಡರು. ನನಗೆ ಹದಿನೈದು ದಿನ ತರಬೇತಿ ಕೊಟ್ಟು, ಬಟ್ಟೆ ಕೊಟ್ಟು, ಕೋವಿ ಕೊಟ್ಟರು. ನಮ್ಮನ್ನು ಇಲ್ಲಿಗೆ ಕಳಿಸಿದ ಏಜೆಂಟ್ ಸಹಿ ಹಾಕಿಸಿಕೊಂಡ ಕಾಗದ ಅವರ ಭಾಷೆಯಲ್ಲಿತ್ತು. ಒಂದು ವರ್ಷ ಬಿಡುವ ಹಾಗಿಲ್ಲ ಅಂತ ಅದರಲ್ಲಿದೆಯಂತೆ. ಏಜೆಂಟಿನ ನಂಬರು ಈಗ ಚಾಲ್ತಿಯಲ್ಲಿಲ್ಲ.

ನನ್ನನ್ನೇ ಯಾಕೆ ಆರಿಸಿದರೋ ಗೊತ್ತಿಲ್ಲ. ನಾಲ್ವರಲ್ಲಿ ನಾನೇ ಚಿಕ್ಕವನು, ಅದಕ್ಕಿರಬಹುದು. ನಮ್ಮ ಸೇನೆಯ ರ‍್ಯಾಲಿಯಲ್ಲಿ ಎತ್ತರ ಒಂದು ಸೆಂಟಿಮೀಟರ್ ಕಮ್ಮಿ ಅಂತ ಎರಡು ಸಲ ವಾಪಸ್ ಕಳಿಸಿದ್ದರು, ಇಲ್ಲಿ ಅಳತೆಯನ್ನೇ ತೆಗೆಯಲಿಲ್ಲ. ನಗು ಬರುತ್ತೆ.

ಸರ್ಟಿಫಿಕೇಟಿನ ವಿಷಯ: ನಾನು ವಿಮಾನದಲ್ಲೇ ಅದನ್ನು ನೋಡಿದೆ. ಫೈಲಿಂದ ತೆಗೆದು ಬ್ಯಾಗಿನ ತಳದಲ್ಲಿ ಬಟ್ಟೆ ಕೆಳಗೆ ಇಟ್ಟೆ. ಯಾರೂ ನೋಡಿಲ್ಲ. ನೀವು ಅದರ ಯೋಚನೆ ಬಿಟ್ಟುಬಿಡಿ. ಯಾರ ಹತ್ತಿರವೂ ಅದರ ಬಗ್ಗೆ ಕೇಳಲೂಬೇಡಿ.

ಚಳಿ ಜಾಸ್ತಿ. ಊಟ ಸಿಗುತ್ತೆ. ಅಮ್ಮನಿಗೆ ನಾನು ಅನ್ನ ಬೇಯಿಸುತ್ತಿದ್ದೇನೆ ಅಂತಲೇ ಹೇಳಿ.

ಮಹೇಶ


ನಂಜರಾಯಪಟ್ಟಣ
15 ಡಿಸೆಂಬರ್ 2024

ಮಗನೇ,

ನಿನ್ನ ಕಾಗದ ಓದಿ ಇಪ್ಪತ್ತೈದು ದಿನವಾಯಿತು. ಕೂತು ಬರೆಯಲು ಕೈ ಬರಲಿಲ್ಲ, ಓಡಾಡಿದೆ. ಮಡಿಕೇರಿಗೆ ಆರು ಸಲ, ಮೈಸೂರಿಗೆ ಎರಡು ಸಲ, ಬೆಂಗಳೂರಿಗೆ ಒಂದು ಸಲ ಹೋಗಿ ಬಂದೆ. ಹೋದಲ್ಲೆಲ್ಲ ಅರ್ಜಿ ಕೊಟ್ಟಿದ್ದೇನೆ. ಅರ್ಜಿ ಇಸಕೊಂಡ ಒಬ್ಬರು, ‘ಅಕ್ಷರ ಮುತ್ತಿನ ಹಾಗಿದೆ’ ಎಂದರು. ದಿಲ್ಲಿಗೆ ಕಳಿಸುತ್ತಾರಂತೆ. ದಿಲ್ಲಿಯವರು ಅಲ್ಲಿಗೆ ಬರೆಯುತ್ತಾರಂತೆ. ಅಲ್ಲಿಯವರು ಒಪ್ಪಿದರೆ ನಿನ್ನನ್ನು ಬಿಡುತ್ತಾರಂತೆ. ಈ ‘ಅಂತೆ’ಗಳನ್ನು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಮನೆಗೆ ಬರುತ್ತೇನೆ. ನಿನ್ನಮ್ಮ ಕೇಳಿದರೆ ಕಾಫಿ ಬೋರ್ಡಿನ ಕೆಲಸವಿತ್ತು ಎನ್ನುತ್ತೇನೆ.

ನಿನಗೆ ನೆನಪಿದೆಯೋ ಇಲ್ಲವೋ. ಆ ಯುದ್ಧ ಶುರುವಾದ ವಾರ ಕುಶಾಲನಗರದಲ್ಲಿ ಒಂದು ಸಭೆ ಸೇರಿದ್ದೆವು. ನಮ್ಮ ಕಡೆಯ ಹುಡುಗಿಯೊಬ್ಬಳು ಉಕ್ರೇನಿನಲ್ಲಿ ಓದುತ್ತಿದ್ದಳು, ಬಾಂಬಿಗೆ ಹೆದರಿ ನೆಲಮಾಳಿಗೆಯಲ್ಲಿ ಕೂತಿದ್ದಳು. ಆಮೇಲೆ ದೇವರ ದಯೆ, ಬಂದು ಸೇರಿದಳು. ಅವತ್ತಿನ ಬ್ಯಾನರೂ ಮನವಿಪತ್ರವೂ ನನ್ನ ಕೈಬರಹವೇ. ‘ನೆರೆಯ ದೇಶದ ಮೇಲೆ ನಡೆದಿರುವ ಈ ಸಶಸ್ತ್ರ ಆಕ್ರಮಣವನ್ನು ನಾವು ತೀವ್ರವಾಗಿ ಖಂಡಿಸುತ್ತೇವೆ.’ ತೀವ್ರವಾಗಿ ಎಂದರೆ ಸಾಲದೆಂದು ಆ ಪದದ ಕೆಳಗೆ ಎರಡು ಗೆರೆ ಎಳೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ವಡೆ ತಿಂದು ಮನೆಗೆ ಬಂದೆ.

ನಾನು ಖಂಡಿಸಿದ್ದು ಸುಳ್ಳಲ್ಲ ಮಹೇಶ. ಇವತ್ತೂ ಬರೆ ಎಂದರೆ ಅದನ್ನೇ ಬರೆಯುತ್ತೇನೆ. ಹಾಗೆ ಬರೆದ ಮೇಲೆ ಮಗನನ್ನು ಅಲ್ಲಿಯ ಸೈನ್ಯಕ್ಕೆ ಅನ್ನ ಬೇಯಿಸಲು ಕಳಿಸಿದೆನಲ್ಲ, ಅದು ಯಾವ ಬುದ್ಧಿ? ಅಡುಗೆಮನೆಗೂ ಯುದ್ಧಕ್ಕೂ ನಡುವೆ ಒಂದು ಗೋಡೆಯಿದೆ ಎಂದುಕೊಂಡಿದ್ದೆ. ನನ್ನಷ್ಟಕ್ಕೆ ನಾನೇ ಕಟ್ಟಿಕೊಂಡ ಗೋಡೆ ಅದು.

ನಿನಗೆ ಅಡುಗೆ ಬರುತ್ತದೆಂದು ಇನ್ನೊಮ್ಮೆ ಹೇಳು. ಬಾಯಿ ಬಿಟ್ಟು ಹೇಳು, ಸಂಕೋಚಪಡಬೇಡ. ಸರ್ಟಿಫಿಕೇಟು ಯಾರೂ ನೋಡಲಿಲ್ಲ ಎಂದು ಬರೆದದ್ದು ನಿಜ ತಾನೇ? ನನಗೆ ಅದೊಂದು ಕೊರೆಯುತ್ತಿದೆ.

ರೊಬಸ್ಟಾ ಕಾಫಿ ಈ ಸಲ ಚೆನ್ನಾಗಿ ಕಾಯಿ ಕಚ್ಚಿದೆ. ಹಣ್ಣಿನ ಪಿಕ್ಕಿಂಗಿಗೆ ಜನ ಸಾಲದು. ಸಾಹುಕಾರರು ದಿನಾ ನಿನ್ನನ್ನು ಕೇಳುತ್ತಾರೆ. ಅವರಿಗೆ ನಿಜ ಹೇಳಿದೆ. ಅವತ್ತಿನಿಂದ ಅವರು ತಮ್ಮ ಕೋವಿಯನ್ನು ಗೋಡೆಯಿಂದ ಇಳಿಸಿ ಬೀರುವಿನಲ್ಲಿಟ್ಟಿದ್ದಾರೆ.

ಅಪ್ಪ


19 ಜನವರಿ 2025

ಅಪ್ಪ,

ನಿಮ್ಮ ಕಾಗದ ಓದಿದೆ. ಸರ್ಟಿಫಿಕೇಟು ಯಾರೂ ನೋಡಿಲ್ಲ. ನಿಜ. ಇನ್ನು ಕೇಳಬೇಡಿ.

ಇಲ್ಲಿ ಒಂದು ಹಳ್ಳಿಯಲ್ಲಿದ್ದೇವೆ. ಇದು ಅವರ ಹಳ್ಳಿ, ನಾವು ನುಗ್ಗಿ ಹಿಡಿದುಕೊಂಡದ್ದು. ‘ನಾವು’ ಅಂತಲೇ ಬರೆದೆ, ಬೇರೆ ಹೇಗೆ ಬರೆಯಲಿ? ಜನ ಎಲ್ಲ ಹೋಗಿದ್ದಾರೆ. ಒಬ್ಬ ಅಜ್ಜಿ ಮಾತ್ರ ಹೋಗಿಲ್ಲ. ಅವಳ ಮನೆಯ ಹೆಂಚಿನ ಮಾಡು ಅರ್ಧ ಬಿದ್ದಿದೆ. ಅಂಗಳದಲ್ಲಿ ಸೇದುವ ಬಾವಿ. ನಾಲ್ಕು ಜನ ನೀರಿಗೆ ಹೋದೆವು. ಅವಳು ಬಾವಿಕಟ್ಟೆಯ ಮೇಲೆ ಕೂತು ಹಗ್ಗ ಹಿಡಿದುಕೊಂಡಳು, ಬಿಡಲಿಲ್ಲ. ನನ್ನ ಮುಖ ನೋಡಿ ಏನೋ ಕೇಳಿದಳು. ನಮ್ಮಲ್ಲಿ ಇಂಗ್ಲಿಷ್ ಬರುವವನೊಬ್ಬ, ನೀನು ಎಲ್ಲಿಯವನು ಅಂತಾಳೆ ಅಂದ. ಇಂಡಿಯಾ ಅಂದೆ.

ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಆಮೇಲೆ ಬೈಯಲು ಶುರು ಮಾಡಿದಳು. ದನ ತೋಟಕ್ಕೆ ನುಗ್ಗಿದಾಗ ಅಮ್ಮ ಬೈತಾಳಲ್ಲ, ಅದೇ ದನಿ. ಏನಂತಾಳೆ ಅಂತ ಕೇಳಿದೆ. ಅವನು ಹೇಳಿದ: ‘ನಿನಗೆ ನಿನ್ನ ಮನೆಯಲ್ಲಿ ಕೆಲಸ ಇರಲಿಲ್ಲವೇ ಅಂತ ಕೇಳ್ತಿದ್ದಾಳೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ ಅಪ್ಪ. ಪಿಕ್ಕಿಂಗಿಗೆ ಜನ ಸಾಲದು ಅಂತ ನೀವು ಬರೆದದ್ದನ್ನ ಇವತ್ತು ಓದಿದಾಗ ಅಜ್ಜಿ ಮತ್ತೆ ಕೇಳಿದ ಹಾಗಾಯಿತು.

ನಾನು ಇಲ್ಲಿ ಏನು ಮಾಡಿದೆ, ಏನು ಮಾಡಲಿಲ್ಲ ಅಂತ ನೀವು ಯಾವತ್ತೂ ಕೇಳಬಾರದು. ಊರಿಗೆ ಬಂದ ಮೇಲೂ ಕೇಳಬಾರದು. ತೆಂಗಿನಕಾಯಿ ಅಲ್ಲಾಡೋದಿಲ್ಲ ಅಪ್ಪ, ಅಷ್ಟು ಹೇಳ್ತೀನಿ.

ಮಹೇಶ


ನಂಜರಾಯಪಟ್ಣ
ಫೆಬ್ರವರಿ 2, ಬಾನ್ವಾರ

ಮಗ,

ನಾನು ನಿಮ್ಮಮ್ಮ ಲಿಂಗಮ್ಮ. ನಾಕ್ನೇ ಕ್ಲಾಸಿಗೆ ಸ್ಕೂಲು ಬುಟ್ಟೋಳು, ತಪ್ಪಿದ್ರೆ ಒಪ್ಪಿಸ್ಕೊ. ಅನು ಒಂದಕ್ಸರಾನೂ ತಿದ್ದಕೂಡ್ದು ಅಂತ ಹೇಳಿವ್ನಿ.

ನೀನು ಅಡ್ಗೆ ಮನೇಲಿದ್ದೀಯ ಅಂತ ನಿಮ್ಮಪ್ಪ ಎರಡು ತಿಂಗ್ಳಿಂದ ಸುಳ್ಳೇಳ್ತಾ ಅವ್ರೆ. ಸುಳ್ಳೇಳಕ್ಕೆ ಬರ್ದೋರು ಸುಳ್ಳೇಳಬಾರ್ದು. ಅನ್ನಕ್ಕೆ ಸಾರು ಹಾಕ್ಕೊಳೋದ ಮರ್ತು ಬರೀ ಅನ್ನ ಉಣ್ಣೋರ ನೋಡಿದ್ರೆ ನಂಗೆ ತಿಳಿಯಾಕಿಲ್ವ? ನಿನ್ನೆ ಅನುನ ಹಿಡ್ಕಂಡು ಕೇಳ್ದೆ. ನಿನ್ ಕಾಗ್ದ ಎರಡೂ ಓದ್ಸಿದ್ಲು.

ಆ ಅಜ್ಜಿ ಕೇಳಿದ್ದು ನಾನೇ ಕೇಳ್ದಂಗಾಯ್ತು. ಅವಳ್ಗೂ ಒಬ್ಬ ಮಗ ಇರ್ತಾನೆ. ಅವ್ನ ಕಡೀಕೆ ನೀನು ಕೋವಿ ತಿರುಗಿಸ್ಬೇಡ ಅಂತ ಹೇಳಕ್ಕೆ ಬಾಯಿಗೆ ಬತ್ತದೆ. ನೀ ತಿರುಗಿಸ್ದೆ ಇದ್ರೆ ಅವ್ನು ನಿನ್ ಕಡೀಕೆ ತಿರುಗಿಸ್ತಾನಲ್ಲ ಅಂತ ಎದೆ ಹೊಡ್ಕತದೆ. ಏನ್ ಹೇಳ್ಬೇಕೊ ನಂಗೆ ತಿಳೀನಿಲ್ಲ ಮಗ. ಎರಡು ಮಾತ್ನೂ ಬರ್ದಿವ್ನಿ, ದೇವ್ರು ಯಾವುದ್ನ ಓದ್ಸತಾನೊ ಓದ್ಸಲಿ.

ಆಯಮ್ಮನ ಮನೆ ಕಟ್ಕೊಡಕ್ಕೆ ನಿನ್ ಕೈಲಾಗಾಕಿಲ್ಲ. ಒಂದೆರಡು ಕೊಡ ನೀರಾರ ಸೇದ್ಕೊಡು. ವಯಸ್ಸಾದೋಳು, ಹಗ್ಗ ಎಳ್ಯಕ್ಕೆ ರಟ್ಟೇಲಿ ಬಲ ಇರಾಕಿಲ್ಲ.

ಉಂಡ್ಯಾ?

ನಿಮ್ಮಮ್ಮ


ನಂಜರಾಯಪಟ್ಟಣ
27 ಫೆಬ್ರವರಿ 2025

ಮಹೇಶ,

ನಿನ್ನಮ್ಮನ ಕಾಗದ ಸಿಕ್ಕಿತೇ? ಅನುವಿನ ಫೋನಿನಲ್ಲಿ ಅದರ ಪಕ್ಕ ಒಂದೇ ಟಿಕ್ ಇದೆ. ತಲುಪಿದರೆ ಎರಡು ಬರುತ್ತದಂತೆ. ದಿನಕ್ಕೆ ಹತ್ತು ಸಲ ಫೋನು ಇಸಕೊಂಡು ನೋಡುತ್ತೇನೆ. ರೇವಣ್ಣನಿಗೂ ನಿನಗೂ ಭೇಟಿ ಆಗಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಮೊನ್ನೆ ಸೋಮವಾರಕ್ಕೆ ಯುದ್ಧಕ್ಕೆ ಮೂರು ವರ್ಷ ತುಂಬಿತು. ವಿಶ್ವಸಂಸ್ಥೆಯಲ್ಲಿ ಮತ್ತೆ ನಿರ್ಣಯ ಬಂತು, ತೊಂಬತ್ತಮೂರು ದೇಶಗಳು ಉಕ್ರೇನಿನ ಪರ ನಿಂತವು. ನಮ್ಮ ದೇಶ ಪರವೂ ಇಲ್ಲ, ವಿರೋಧವೂ ಇಲ್ಲ, ಸುಮ್ಮನೆ ಕೂತಿತು. ಪೇಪರ್ ಹಿಡಿದುಕೊಂಡು ನಾನು ಬಹಳ ಹೊತ್ತು ಕೂತಿದ್ದೆ. ನಮ್ಮವರು ಕೈ ಎತ್ತಿದ್ದರೆ ಅಲ್ಲಿಯವರಿಗೆ ಸಿಟ್ಟು ಬಂದು ನಿನ್ನನ್ನು ಬಿಡದೇ ಹೋಗಬಹುದಿತ್ತು, ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎಂದು ಮೊದಲು ಅನ್ನಿಸಿತು. ಆ ಮೇಲೆ ಬಾವಿಕಟ್ಟೆಯ ಅಜ್ಜಿ ನೆನಪಾದಳು. ಅವಳ ಮಾಡು ಬಿದ್ದದ್ದಕ್ಕೆ ಒಂದು ಕೈ ಕಮ್ಮಿ ಎತ್ತಿದರೆಂದು ಸಂತೋಷಪಟ್ಟವನು ನಾನು. ಮಗನ ಆಸೆ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ನೋಡು. ಹೆಸರಿನಲ್ಲೇ ಸಣ್ಣ ಇದೆ, ಬಿಡು.

ಬೊಳ್ಳಪ್ಪನ ಅಂಗಡಿಯಲ್ಲಿ ಇದೇ ಮಾತು ನಡೆದಿತ್ತು. ಬೈಲುಕುಪ್ಪೆಯ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುವ ಟಿಬೆಟಿನ ಮುದುಕ ಮೂಲೆಯಲ್ಲಿ ಬನ್ ಅದ್ದಿಕೊಂಡು ತಿನ್ನುತ್ತಿದ್ದ. ಅವನು ಮೆಲ್ಲಗೆ ಅಂದ: ‘ನಮ್ಗೂ ಮಾಡಿದ್ರು ಸ್ವಾಮಿ ನಿರ್ಣಯ. ಮೂರು ಸಲ ಮಾಡಿದ್ರು. ಅಪ್ಪ ರೇಡಿಯೋದಲ್ಲಿ ಕೇಳಿ ಗಂಟು ಕಟ್ಟಿಟ್ಟಿದ್ರು, ಊರಿಗೆ ವಾಪಸ್ ಹೋಗೋಣ ಅಂತ. ಆಮೇಲೆ ಗಂಟು ಬಿಚ್ಚಿ ಇಲ್ಲೇ ಜೋಳ ಹಾಕಿದ್ವಿ.’ ಬೊಳ್ಳಪ್ಪ ಅವನ ಹತ್ತಿರ ಟೀ ದುಡ್ಡು ತೆಗೆದುಕೊಳ್ಳಲಿಲ್ಲ.

ಕಾಫಿ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ನದಿಯಿಂದ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕಿದ ತೋಟಗಳಲ್ಲಿ ಹೂ ಬಿಟ್ಟು ಘಮ್ಮೆನ್ನುತ್ತಿದೆ. ನಿನ್ನಮ್ಮ ಈಗ ಅಳುವುದಿಲ್ಲ. ಅದೇ ನನಗೆ ಹೆದರಿಕೆ.

ಒಂದು ಅಕ್ಷರ ಬರೆ. ‘ಇದ್ದೇನೆ’ ಎಂದು ಬರೆದರೆ ಸಾಕು.

ಅಪ್ಪ


ಅರಸೀಕೆರೆ
11 ಮೇ 2025

ಸಣ್ಣಸ್ವಾಮಿಯವರಿಗೆ ರೇವಣ್ಣ ಮಾಡುವ ನಮಸ್ಕಾರ.

ನಾನು ಹೋದ ವಾರ ಊರಿಗೆ ಬಂದೆ. ಅಡುಗೆಯಲ್ಲಿದ್ದ ಮೂವರನ್ನೂ ಬಿಟ್ಟರು. ನಿಮ್ಮ ಮನೆಗೇ ಬಂದು ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನವರೆಗೆ ಎರಡು ಸಲ ಹೋದೆ, ನಿಮ್ಮ ಮನೆಯವರ ಮುಖ ನೋಡುವ ಧೈರ್ಯ ಆಗದೆ ವಾಪಸ್ ಬಂದೆ. ಕ್ಷಮಿಸಿ.

ಮಾರ್ಚ್ ಒಂಬತ್ತನೇ ತಾರೀಕು ಮಹೇಶನ ಗುಂಪನ್ನು ಮುಂದಕ್ಕೆ ಕರೆದುಕೊಂಡು ಹೋದರು. ಹನ್ನೊಂದು ಜನ ಹೋದವರಲ್ಲಿ ಇಬ್ಬರು ಬಂದರು. ಮಹೇಶ ಬರಲಿಲ್ಲ. ಸತ್ತಿದ್ದಾನೆ ಅಂತಲೂ ಹೇಳುವುದಿಲ್ಲ, ಇದ್ದಾನೆ ಅಂತಲೂ ಹೇಳುವುದಿಲ್ಲ. ಕೇಳಿದರೆ ಪಟ್ಟಿಯಲ್ಲಿ ಹೆಸರಿಲ್ಲ ಅನ್ನುತ್ತಾರೆ. ನಾನು ಕಣ್ಣಾರೆ ನೋಡಿಲ್ಲದ್ದನ್ನು ಬರೆಯುವುದಿಲ್ಲ.

ಹೋಗುವ ಹಿಂದಿನ ದಿನ ನನ್ನ ಹತ್ತಿರ ಬಂದಿದ್ದ. ಅವನ ಅಮ್ಮನ ಕಾಗದವನ್ನೂ ನಿಮ್ಮ ಕಾಗದವನ್ನೂ ಓದಿದ. ಅಮ್ಮನದನ್ನು ಮೂರು ಸಲ ಓದಿದ. ಅಲ್ಲೊಬ್ಬಳು ಮುದುಕಿಗೆ ನೀರು ಸೇದಿ ಕೊಟ್ಟು ಬರುತ್ತಿದ್ದನಂತೆ, ಅಮ್ಮ ಹೇಳುವ ಮೊದಲೇ ಶುರು ಮಾಡಿದ್ದೆ ಅಂತ ನಕ್ಕ. ಆ ಮುದುಕಿ ಬೈಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲವಂತೆ. ಉತ್ತರ ಬರೆಯಲು ಕೂತ, ಅಷ್ಟರಲ್ಲಿ ಕೂಗಿದರು, ಎದ್ದು ಹೋದ. ಆ ರಾತ್ರಿಯೇ ನನ್ನ ಫೋನೂ ಹೋಯಿತು.

ಇನ್ನೊಂದು ವಿಷಯ ನಿಮಗೆ ಗೊತ್ತಾಗುವುದು ಬೇಡ ಅಂತ ಅವನು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದ. ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಮೊದಲ ದಿನ ನಮ್ಮ ನಾಲ್ವರ ಫೈಲನ್ನೂ ಅಲ್ಲಿಯ ಸಾಹೇಬ ತಿರುವಿದ. ಮಹೇಶನ ಫೈಲಿನಲ್ಲಿ ಲ್ಯಾಮಿನೇಷನ್ ಮಾಡಿದ ಒಂದು ಹಾಳೆ ಇತ್ತು. ಇಂಗ್ಲಿಷಿನಲ್ಲಿ ಚೆಂದಾಗಿ ಬರೆದಿತ್ತು, ಹಿಂದೆ ಕೋವಿ ಹಿಡಿದ ಫೋಟೋ. ಸಾಹೇಬ ಅದನ್ನು ಎಲ್ಲರಿಗೂ ತೋರಿಸಿ ನಕ್ಕ. ಆಮೇಲೆ ಆ ಫೈಲನ್ನು ಬೇರೆ ಇಟ್ಟ. ನಾನು ಅಡುಗೆಯವನು, ಅಡುಗೆಯವನು ಅಂತ ಮಹೇಶ ಎಷ್ಟು ಹೇಳಿದರೂ ಕೇಳಲಿಲ್ಲ.

‘ಇದನ್ಯಾಕೋ ತಂದೆ’ ಅಂತ ನಾನು ಅವತ್ತು ಬೈದೆ. ‘ನಾನೇ ಇಟ್ಕೊಂಡು ಬಂದೆ ಕಣಣ್ಣ, ನಂದೇ ಜಂಬ. ನಮ್ಮಪ್ಪ ಬೇಡ ಅಂದಿದ್ರು, ಕೇಳಲಿಲ್ಲ’ ಅಂದ. ನೀವು ಬೈಯುತ್ತೀರಿ ಅಂತ ಹೆದರಿ ಮುಚ್ಚಿಟ್ಟಿದ್ದಾನೆ ಅಂದುಕೊಂಡೆ. ಚಿಕ್ಕವನು ಸ್ವಾಮಿ, ಜಂಬದ ವಯಸ್ಸು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಇಂತಿ,
ರೇವಣ್ಣ


ನಂಜರಾಯಪಟ್ಟಣ
5 ಸೆಪ್ಟೆಂಬರ್ 2025

ಮಹೇಶ,

ರೇವಣ್ಣನ ಫೋನು ಹೋಯಿತಲ್ಲ, ಈ ಕಾಗದ ಎಲ್ಲಿಗೆ ಕಳಿಸಲಿ ಎಂದು ಅನು ಕೇಳಿದಳು. ನಿನ್ನ ಹಳೇ ನಂಬರಿಗೇ ಕಳಿಸು ಎಂದೆ. ಕಳಿಸುತ್ತಾಳೆ. ಒಂದು ಟಿಕ್ ಬರುತ್ತದೆ.

ಮೊನ್ನೆ ಕೈಲ್ ಮುಹೂರ್ತ ಆಯಿತು. ಸರ್ಟಿಫಿಕೇಟುಗಳ ಕಟ್ಟು ಹಿಡಿದುಕೊಂಡು ಯುವಕ ಸಂಘದವರು ಯಾವಾಗಿನಂತೆ ನನ್ನ ಹತ್ತಿರವೇ ಬಂದರು. ಬಂದವರು ಬಾಗಿಲಲ್ಲೇ ನಿಂತರು, ಪಾಪ, ಕೇಳುವುದೋ ಬೇಡವೋ ಎಂದು. ನಾನೇ ಒಳಗೆ ಕರೆದು ಹೆಸರುಗಳನ್ನು ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ ಏನೂ ಬರೆಯಲಿಲ್ಲ. ಗೆದ್ದ ಹುಡುಗನ ತಾಯಿ ದಾರಿಯಲ್ಲಿ ಸಿಕ್ಕಿದರು. ‘ಅದನ್ನ ಗೋಡೆಗೆ ತೂಗುಹಾಕಿ ತಾಯಿ, ಯಾವ ಫೈಲಿಗೂ ಹಾಕ್ಬೇಡಿ’ ಎಂದೆ. ಆಕೆಗೆ ಅರ್ಥವಾಗಲಿಲ್ಲ. ಆಗದಿರಲಿ.

ಜುಲೈಯಲ್ಲಿ ನನ್ನನ್ನೂ ನಿನ್ನಮ್ಮನನ್ನೂ ಮಡಿಕೇರಿಗೆ ಕರೆಸಿ ರಕ್ತ ತೆಗೆದುಕೊಂಡರು. ಅಲ್ಲಿ ಸಿಕ್ಕವರ ಜೊತೆ ಹೋಲಿಸಿ ನೋಡುತ್ತಾರಂತೆ. ಶುಗರ್ ಪರೀಕ್ಷೆ ಎಂದು ನಿನ್ನಮ್ಮನಿಗೆ ಹೇಳಿದೆ. ಅವಳು ತೋಳು ಚಾಚಿ, ‘ಎಷ್ಟು ಬೇಕೊ ಅಷ್ಟು ತಕ್ಕಳಿ ಡಾಕ್ಟ್ರೇ, ಅವ್ನಿಗೆ ಕೊಟ್ಟಿದ್ದು ಇದೇ ರಕ್ತ’ ಎಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಬರುವುದು ಬೇಡ ಎಂದು ಒಂದು ದಿನ ಅನ್ನಿಸುತ್ತದೆ, ಬಂದುಬಿಡಲಿ ಎಂದು ಇನ್ನೊಂದು ದಿನ.

ರೇವಣ್ಣನ ಕಾಗದವನ್ನು ಅವಳಿಗೆ ನಾನೇ ಓದಿ ಹೇಳಿದೆ. ಪೂರ್ತಿ ಓದಿದೆ, ಹಾಳೆಯ ವಿಷಯ ಬಂದಾಗಲೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವಳು ಸಿಟ್ಟಿನಲ್ಲಿ ಏನಾದರೂ ಎಸೆಯುತ್ತಾಳೆ, ಮನೆ ಬಿಟ್ಟು ಹೋಗುತ್ತಾಳೆ ಎಂದು ಕಾದೆ. ಅವಳು ಒಲೆಯ ಮುಂದೆ ಕೂತು, ‘ಅವತ್ತು ನಾನೂ ನಕ್ಕಿದ್ದೆ ಕನ್ರೀ’ ಎಂದಳು. ಅಷ್ಟೇ. ಆವತ್ತಿನಿಂದ ಅವಳು ನಕ್ಕಿದ್ದನ್ನು ನಾನು ಕಂಡಿಲ್ಲ.

ಏಜೆಂಟಿನ ಮೇಲೆ ಹೊಸ ದೂರು ಕೊಡಬೇಕೆಂದು ಸ್ಟೇಷನ್ನಿಗೆ ಕರೆಸಿದ್ದರು. ಯಾರು, ಏನು ಮಾಡಿದರು, ಎಲ್ಲ ವಿವರವಾಗಿ ಬರೆಯಿರಿ ಎಂದರು. ಬರೆದು ಕೊಟ್ಟೆ. ಎಸ್‌ಐ ಓದಿ ತಲೆಯೆತ್ತಿ ನೋಡಿದರು. ‘ಆರೋಪಿ ಅನ್ನೋ ಕಡೆ ನಿಮ್ಮ ಹೆಸರೇ ಬರ್ದಿದ್ದೀರಲ್ಲ ರೈಟ್ರೇ.’ ‘ತಪ್ಪಾಗಿಲ್ಲ ಸರ್’ ಎಂದೆ. ಅವರು ಆ ಹಾಳೆಯನ್ನು ಮಡಚಿ ನನ್ನ ಜೇಬಿಗೇ ಇಟ್ಟು, ಹೊಸ ಹಾಳೆ ಕೊಟ್ಟರು. ಅದರಲ್ಲಿ ಏಜೆಂಟಿನ ಹೆಸರು ಬರೆದೆ. ಅವನು ಸುಳ್ಳು ಹೇಳಿ ಕರೆದುಕೊಂಡು ಹೋದ, ಅದು ಅವನ ಪಾಪ. ಆದರೆ ಅವನ ಸುಳ್ಳಿಗೆ ಸಿಕ್ಕಿ ಅಡುಗೆಮನೆಗೆ ಹೋದವರು ಮೂವರೂ ಮನೆಗೆ ಬಂದಿದ್ದಾರೆ. ಅಡುಗೆಮನೆಯಿಂದ ಬಾವಿಕಟ್ಟೆಯ ಆಚೆಗೆ ನಿನ್ನನ್ನು ಕಳಿಸಿದವನು ನಾನು, ಮುತ್ತಿನಂಥ ಅಕ್ಷರದಲ್ಲಿ.

‘ಬ್ಯಾಗಿನ ತಳದಲ್ಲಿಟ್ಟೆ, ಯಾರೂ ನೋಡಿಲ್ಲ’ ಎಂದು ನೀನು ಬರೆದ ಕಾಗದವನ್ನು ಅನು ಪ್ರಿಂಟ್ ತೆಗೆಸಿ ಕೊಟ್ಟಿದ್ದಾಳೆ. ದಿನಾ ಓದುತ್ತೇನೆ. ನಿನಗೆ ಮೊದಲ ದಿನವೇ ಗೊತ್ತಿತ್ತು. ಆ ಚಳಿಯಲ್ಲಿ, ಆ ಹೆದರಿಕೆಯಲ್ಲಿ ಕೂತು, ಅಪ್ಪನಿಗೆ ನೋವಾಗದ ಹಾಗೆ ಹೇಗೆ ಬರೆಯುವುದೆಂದು ಯೋಚಿಸಿ ಬರೆದಿದ್ದೀ. ‘ನಮ್ಮಪ್ಪ ಬೇಡ ಅಂದಿದ್ರು’ ಎಂದು ಪರಸ್ಥಳದವರ ಮುಂದೆಯೂ ನನ್ನನ್ನು ಬಿಟ್ಟುಕೊಡಲಿಲ್ಲ.

ಆ ಅಜ್ಜಿ ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲವಂತಲ್ಲ, ನಾನು ಕೊಡುತ್ತೇನೆ. ಇತ್ತು ತಾಯಿ, ಅವನಿಗೆ ಮನೆಯಲ್ಲಿ ಕೆಲಸವಿತ್ತು. ನೂರು ಜನಕ್ಕೆ ಅನ್ನ ಬೇಯಿಸುವ ಕೆಲಸವಿತ್ತು, ಪಿಕ್ಕಿಂಗಿನ ಕೆಲಸವಿತ್ತು, ತಂಗಿಯ ಮದುವೆಯಲ್ಲಿ ಓಡಾಡುವ ಕೆಲಸವಿತ್ತು, ನನಗೆ ಮಣ್ಣು ಕೊಡುವ ಕೆಲಸವೂ ಇತ್ತು.

ಲೋಕ ಆ ದೇಶವನ್ನು ಖಂಡಿಸಿತು. ಅಜ್ಜಿ ನಿನ್ನ ಮುಖಕ್ಕೇ ಖಂಡಿಸಿದಳು. ನಾನು ಪದದ ಕೆಳಗೆ ಎರಡು ಗೆರೆ ಎಳೆದು ಖಂಡಿಸಿದೆ. ನನ್ನನ್ನು ಖಂಡಿಸುವ ಹಕ್ಕಿದ್ದವನು ನೀನೊಬ್ಬನೇ. ನೀನು ಒಂದು ಮಾತೂ ಆಡಲಿಲ್ಲ.

ಇದನ್ನು ಹೊತ್ತುಕೊಂಡು ನನ್ನಿಂದ ಇರಲಾಗುತ್ತಿಲ್ಲ ಮಗನೇ. ಬಂದು ಒಂದು ಸಲ ಬೈದುಬಿಡು.

ಅಪ್ಪ